ಸೋಪು ಹಚ್ಚಿದ ಕಮಾನು

"ಇಬ್ಬರಿಗೆ ಒಂದು ಸೋಪು. ಜಗಳ ಆಡ್ಬೇಡಿ, ಹಂಚ್ಕೊಳ್ಳಿ."

ಧ್ವನಿ ವಿಭಾಗದ ಹೆಡ್‌ಫೋನಿನವನು ಸಾಲಿನುದ್ದಕ್ಕೂ ನಡೆದು ಬರುತ್ತ ಒಬ್ಬರು ಬಿಟ್ಟು ಒಬ್ಬರ ಮಡಿಲಿಗೆ ಸೋಪು ಹಾಕುತ್ತಿದ್ದ. ಹೋಟೆಲಿನ ಬಚ್ಚಲಲ್ಲಿ ಇಟ್ಟಿರುತ್ತಾರಲ್ಲ, ಬಿಸ್ಕತ್ತಿನಷ್ಟು ಚಿಕ್ಕದಾದ, ಕಾಗದ ಸುತ್ತಿದ ಸೋಪು. ಮೈದಾನದ ಕೆಳಗಿನ ಆ ಕೋಣೆ ಆಟಗಾರರು ಬಟ್ಟೆ ಬದಲಿಸುವ ಜಾಗ. ಗೋಡೆಯುದ್ದಕ್ಕೂ ಮರದ ಬೆಂಚು, ಬೆಂಚಿನ ಮೇಲೆ ಅಂಕಿ ಬರೆದ ಕೊಕ್ಕೆಗಳು. ಅವತ್ತು ಆ ಕೊಕ್ಕೆಗಳಲ್ಲಿ ನಲವತ್ತು ಜನ ಪಿಟೀಲು ವಾದಕರ ಸ್ವೆಟರುಗಳು, ಕೈಚೀಲಗಳು ನೇತಾಡುತ್ತಿದ್ದವು. ತಲೆಯ ಮೇಲಿನ ಕಾಂಕ್ರೀಟಿನಿಂದ, ಒಳಗೆ ಬರುತ್ತಿದ್ದ ಜನರ ಕಾಲಸಪ್ಪಳ ದೂರದ ಗುಡುಗಿನಂತೆ ಇಳಿಯುತ್ತಿತ್ತು. ನೇರಪ್ರಸಾರಕ್ಕೆ ಇನ್ನು ಒಂದೂವರೆ ಗಂಟೆ.

"ಕಮಾನಿನ ಕೂದಲಿನ ಉದ್ದಕ್ಕೂ ಹಚ್ಚಿ, ಈ ತುದಿಯಿಂದ ಆ ತುದಿಗೆ," ಎಂದ ಅವನು. "ಒಣ ಸೋಪು, ನೀರು ಮುಟ್ಟಿಸ್ಬೇಡಿ. ಆಮೇಲೆ ಒಬ್ಬೊಬ್ಬರಾಗಿ ತಂತಿ ಮೇಲೆ ಎಳೆದು ನನಗೆ ತೋರಿಸ್ಬೇಕು. ಒಂದು ಚೂರೂ ಸದ್ದು ಬರಬಾರದು."

"ಮಿಕ್ಕಿದ್ದರಲ್ಲಿ ಮುಖ ತೊಳ್ಕೋಬಹುದಾ ಸಾರ್?" ಹಿಂದಿನಿಂದ ಯಾರೋ ಕೇಳಿದರು.

"ತೊಳ್ಕೊಳ್ಳಿ. ಟಿವೀಲಿ ನಿಮ್ದು ಅಂತ ಬರೋದು ಅದೊಂದೇ."

ಕೋಣೆಯೆಲ್ಲ ನಕ್ಕಿತು. ಗುಬ್ಬಿ ನಗಲಿಲ್ಲ. ಅವಳಿಗೆ ಮೂವತ್ತಾರು ವರ್ಷ. ಆ ಹೆಸರು ಇಟ್ಟವನು ಅಪ್ಪ. ಐದನೇ ವಯಸ್ಸಿನಲ್ಲಿ ಅವಳು ಮೊದಲ ಸಲ ಪಿಟೀಲಿನ ಮೇಲೆ ಕಮಾನು ಎಳೆದಾಗ ಮನೆಯೊಳಗೆ ಗುಬ್ಬಿ ಹೊಕ್ಕಿತೇನೋ ಎಂದು ಸೋದರತ್ತೆ ಕಿಟಕಿ ತೆರೆದಿದ್ದಳಂತೆ. ಹೆಸರು ವಾದ್ಯವೃಂದದವರೆಗೂ ಬಂದು ಅಲ್ಲಿಯೂ ನಿಂತಿತು. ಈಗ ಈ ಸೋಪು ಬಂದದ್ದು ತನ್ನಿಂದಲೇ ಎಂದು ಅವಳಿಗೆ ಗೊತ್ತಿತ್ತು. ಕೋಣೆಯಲ್ಲಿದ್ದ ಮಿಕ್ಕ ಮೂವತ್ತೊಂಬತ್ತು ಜನರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನುಡಿಸಬೇಕಾದದ್ದನ್ನೆಲ್ಲ ಎರಡು ವಾರದ ಹಿಂದೆಯೇ ಸ್ಟುಡಿಯೋದಲ್ಲಿ ನುಡಿಸಿ ಮುಗಿಸಿ ಆಗಿತ್ತು. ಬಯಲು ಮೈದಾನ, ಗಾಳಿ, ಸಂಜೆಯ ಇಬ್ಬನಿ. ನಲವತ್ತು ಪಿಟೀಲುಗಳ ಶ್ರುತಿ ಅಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ. ದೇಶಕ್ಕೆ ದೇಶವೇ ಟಿವಿ ಮುಂದೆ ಕೂತಿರುವಾಗ ಅಂಥ ತಲೆನೋವನ್ನು ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಹಾಗಾಗಿ ಸ್ಪೀಕರುಗಳಿಂದ ಟ್ರ್ಯಾಕ್ ಬರುತ್ತದೆ, ವೇದಿಕೆಯ ಮೇಲಿನವರು ಅದಕ್ಕೆ ಸರಿಯಾಗಿ ಕೈ ಆಡಿಸಬೇಕು, ತಂತಿಗೆ ಕಮಾನು ತಾಗಿಯೂ ತಾಗದ ಹಾಗೆ. ಇದನ್ನು ಎಲ್ಲರಿಗೂ ಹತ್ತು ಸಲ ಹೇಳಿದ್ದರು. ಗುಬ್ಬಿಗೂ ಹೇಳಿದ್ದರು. ಆದರೆ ಮೊನ್ನೆ ಕೊನೇ ತಾಲೀಮಿನಲ್ಲಿ, ಅವಳೊಬ್ಬಳೇ ಎದ್ದು ನಿಂತು ನುಡಿಸುವ ಮುಕ್ಕಾಲು ನಿಮಿಷದ ತುಣುಕು ಬಂದಾಗ, ಅವಳ ಬಲಗೈಗೆ ಅದು ಮರೆತೇ ಹೋಯಿತು. ಮೂವತ್ತು ವರ್ಷದಿಂದ ಒತ್ತಿ ಒತ್ತಿ ರೂಢಿಯಾದ ಕೈ, ಒತ್ತಿತು. ಚಳಿಗೆ ಶ್ರುತಿ ತಪ್ಪಿದ್ದ ತಂತಿ ಬಾಯಿಬಿಟ್ಟಿತು. ವೇದಿಕೆಯ ಮೇಲೆ ಹಾಡಲಿದ್ದ ಹಾಡುಗಾರ್ತಿಯ ತೆರೆದ ಮೈಕು ಪಕ್ಕದಲ್ಲೇ ಇತ್ತು. ಖಾಲಿ ಮೈದಾನದ ತುಂಬ ಎರಡು ಪಿಟೀಲು ಕೇಳಿಸಿದವು. ಒಂದು ಶ್ರುತಿಯಲ್ಲಿ ನೆಟ್ಟಗೆ ನಡೆಯುತ್ತಿತ್ತು, ಇನ್ನೊಂದು ಅದರ ಪಕ್ಕದಲ್ಲಿ ಕುಂಟುತ್ತಿತ್ತು. ನಿಜವಾದದ್ದು ಕುಂಟುತ್ತಿದ್ದದ್ದು.

"ನಿಲ್ಸಿ, ನಿಲ್ಸಿ! ಯಾರದು ನುಡಿಸ್ತಿರೋದು?" ಎಂದು ಹೆಡ್‌ಫೋನಿನವನು ಕೂಗಿದ್ದ. ವಾದ್ಯವೃಂದಕ್ಕೆ ಅಂಥ ಪ್ರಶ್ನೆಯನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಗುಬ್ಬಿ ನಿಧಾನವಾಗಿ ಕೈ ಎತ್ತಿದ್ದಳು, ಶಾಲೆಯಲ್ಲಿ ಲೋಟ ಒಡೆದ ಮಗುವಿನ ಹಾಗೆ.

"ಏನೇ, ಹೊಸ ಕೂದಲು ಕಟ್ಟಿಸ್ಕೊಂಡು ಬಂದಿದ್ದೀಯಾ?" ಪಕ್ಕದ ಕುರ್ಚಿಯವಳು ಈಗ ಬಗ್ಗಿ ನೋಡಿದಳು. ಹನ್ನೊಂದು ವರ್ಷದಿಂದ ಗುಬ್ಬಿಯ ಜೊತೆ ಒಂದೇ ಸ್ಟ್ಯಾಂಡಿನ ಹಾಳೆ ನೋಡಿ ನುಡಿಸುತ್ತಿದ್ದವಳು ಅವಳು, ಬಾಯಿ ಜೋರು, ಮನಸ್ಸು ಮೆತ್ತಗೆ. "ಇಂಥದ್ದಕ್ಕೆ ಯಾರಾದ್ರೂ ಒಳ್ಳೇ ಕಮಾನು ತರ್ತಾರೇನೆ? ನೋಡು ನಂದು. ಹೋದ ವಾರದವರೆಗೂ ಬಚ್ಚಲು ಕಿಟಕಿಗೆ ಪರದೆ ಕೋಲಾಗಿತ್ತು."

"ಅಪ್ಪ ಕಟ್ಟಿ ಕೊಟ್ಟ," ಎಂದಳು ಗುಬ್ಬಿ.

ಪಕ್ಕದ ಕುರ್ಚಿಯವಳ ನಗು ಅಲ್ಲಿಗೇ ನಿಂತಿತು. ಅವಳ ಕಮಾನಿಗೂ ಕೂದಲು ಕಟ್ಟುವವನು ಗುಬ್ಬಿಯ ಅಪ್ಪನೇ.

ಅಪ್ಪನ ಕಸುಬೇ ಅದು. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ಕೂತು, ಪಿಟೀಲಿನ ಕಮಾನುಗಳಿಗೆ ಕುದುರೆ ಬಾಲದ ಕೂದಲು ಕಟ್ಟುತ್ತಾನೆ, ಒಡೆದ ವಾದ್ಯಗಳಿಗೆ ಅಂಟು ಹಾಕುತ್ತಾನೆ. ಬಲಗಿವಿ ಹೋಗಿ ಎಷ್ಟೋ ವರ್ಷವಾಯಿತು, ಎಡಗಿವಿಗೆ ಜೋರಾಗಿ ಹೇಳಬೇಕು. ಆದರೂ ಕಮಾನು ಹೋಗುವುದನ್ನು ನೋಡಿಯೇ, ನುಡಿಸುವವರ ಕೈ ಎಲ್ಲಿ ತಪ್ಪಿತು ಎಂದು ಹೇಳುತ್ತಿದ್ದ. ನೋಡುವುದು ಹೇಗೆ ಎಂದು ಗುಬ್ಬಿಗೂ ಕಲಿಸಿದ್ದ. ಕೂದಲಿಗೆ ರಾಳದ ಉಂಡೆ ತಿಕ್ಕುತ್ತೇವಲ್ಲ, ಆ ರಾಳದ ಅಂಟಿನಿಂದಲೇ ಕೂದಲು ತಂತಿಯನ್ನು ಹಿಡಿಯುವುದು. ಹಿಡಿದು ಎಳೆದಾಗ ಬಿಳೀ ಪುಡಿ ಏಳುತ್ತದೆ, ದೀಪದ ಬೆಳಕಿಗೆ ತೆಳ್ಳಗೆ ಹೊಗೆಯ ಹಾಗೆ ಕಾಣುತ್ತದೆ. "ಧೂಳು ನೋಡು ಗುಬ್ಬಿ," ಎನ್ನುತ್ತಿದ್ದ. "ಕಿವೀಗೆ ಮೋಸ ಮಾಡಬಹುದು. ಧೂಳು ಏಳ್ದೇ ಇದ್ರೆ ಕಮಾನು ಸುಮ್ನೆ ಗಾಳಿ ಬೀಸ್ತಿದೆ ಅಂತ."

ಟಿವಿಯಲ್ಲಿ ಬರುತ್ತೇನೆ ಎಂದು ಗುಬ್ಬಿ ಅಪ್ಪನಿಗೆ ಹೇಳಿದ್ದಳು. ಮಾರನೇ ದಿನ ಅವಳ ಕಮಾನನ್ನು ತೆಗೆದುಕೊಂಡು ಹಳೇ ಕೂದಲು ಕತ್ತರಿಸಿ ಹಾಕಿದ. ನಾಲ್ಕು ದಿನ, ಬೆಳಕು ಇರುವಷ್ಟು ಹೊತ್ತು, ಒಂದು ಕಟ್ಟು ಬಿಳೀ ಕೂದಲಿನಿಂದ ಒಂದೊಂದೇ ಎಳೆ ಬಿಡಿಸಿ, ಗಂಟಿದ್ದದ್ದು, ತೆಳುವಾದದ್ದು, ಬಣ್ಣ ತುಸು ಹಳದಿಗೆ ತಿರುಗಿದ್ದು ಎಲ್ಲ ತೆಗೆದು ಬದಿಗಿಟ್ಟ. "ಅದೇನು ಹೆಣ್ಣು ನೋಡೋಕೆ ಹೋದೋನ ಹಾಗೆ ಒಂದೊಂದಕ್ಕೂ ಒಂದೊಂದು ಕುಂದು ಹೇಳ್ತಿದ್ದೀಯ?" ಎಂದು ಅತ್ತೆ ಗೇಲಿ ಮಾಡಿದರೂ ತಲೆ ಎತ್ತಲಿಲ್ಲ. ಕಟ್ಟಿ ಮುಗಿಸಿದ ಮೇಲೆ ಒಂದೇ ಒಂದು ಮಾತು ಕೇಳಿದ.

"ಬಯಲಲ್ಲಿ, ಆ ಚಳೀಲಿ, ಶ್ರುತಿ ಹೇಗೆ ನಿಲ್ಲುತ್ತೆ?"

"ಏನೋ ವ್ಯವಸ್ಥೆ ಮಾಡಿದ್ದಾರಂತೆ ಅಪ್ಪ," ಎಂದಿದ್ದಳು ಗುಬ್ಬಿ. ಅದು ಸುಳ್ಳಲ್ಲ. ಸುಳ್ಳಲ್ಲ ಎಂದು ಎರಡು ವಾರದಿಂದ ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡಿದ್ದಳು. ಸುಳ್ಳಲ್ಲದ್ದನ್ನು ಯಾರೂ ಅಷ್ಟು ಸಲ ಹೇಳಿಕೊಳ್ಳುವುದಿಲ್ಲ.

"ಕೊಡೇ ಇತ್ತ. ನಾನು ಹಚ್ತೀನಿ," ಪಕ್ಕದ ಕುರ್ಚಿಯವಳು ಕೈ ಚಾಚಿದಳು.

"ಬೇಡ. ನಾನೇ ಹಚ್ತೀನಿ."

ಕೂದಲನ್ನು ಬೆರಳಿನಿಂದ ಮುಟ್ಟಬಾರದು ಎಂಬುದು ಅವಳು ಕಲಿತ ಮೊದಲ ಪಾಠ. ಬೆರಳಿನ ಜಿಡ್ಡು ತಗುಲಿದರೆ ಅಷ್ಟು ಜಾಗ ಸತ್ತ ಹಾಗೆ. ಸೋಪಿನ ಕಾಗದ ಬಿಚ್ಚಿದಳು. ಮಲ್ಲಿಗೆಯದೋ ಏನೋ, ಅಗ್ಗದ ಘಾಟು ವಾಸನೆ. ಹಿಡಿಯ ಹತ್ತಿರ ಇಟ್ಟು ತುದಿಯವರೆಗೆ ಎಳೆದಳು. ರಾಳವಾದರೆ ಕರಕರ ಎನ್ನುತ್ತದೆ, ಕೈಗೆ ತಡೆ ಕೊಡುತ್ತದೆ. ಇದು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಮೂರು ಸಲ, ನಾಲ್ಕು ಸಲ. ಹೆಡ್‌ಫೋನಿನವನು ಅವಳ ಮುಂದೆ ಬಂದು ನಿಂತಾಗ ಪಿಟೀಲನ್ನು ಕೆನ್ನೆಗಿಟ್ಟು ಎಳೆದು ತೋರಿಸಿದಳು. ಏನೂ ಕೇಳಿಸಲಿಲ್ಲ. ಅವನು ಇನ್ನೊಂದು ಸಲ ಎಳೆಸಿದ. ಉಳಿದವರಿಗೆಲ್ಲ ಒಂದು ಸಲ, ಅವಳಿಗೆ ಮಾತ್ರ ಎರಡು.

"ಬೇಜಾರು ಮಾಡ್ಕೋಬೇಡಿ ಮೇಡಂ," ಎಂದ. ಅವನ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. "ನುಡಿಸಿರೋದು ನೀವೇ ತಾನೇ? ಬೇರೆಯವರದ್ದೇನಲ್ಲವಲ್ಲ."

ನುಡಿಸಿದ್ದು ಅವಳೇ ಹೌದು. ಆದರೆ ಸ್ಟುಡಿಯೋದಲ್ಲಿ ಆ ಮುಕ್ಕಾಲು ನಿಮಿಷವನ್ನು ಒಂಬತ್ತು ಸಲ ನುಡಿಸಿದ್ದಳು. ಒಂದರಲ್ಲಿ ಆರಂಭ ಚೆನ್ನಾಗಿತ್ತು, ಇನ್ನೊಂದರಲ್ಲಿ ಮೇಲಿನ ಸ್ವರ ಸರಿಯಾಗಿ ನಿಂತಿತ್ತು, ಏಳನೆಯದರ ಕೊನೆ. ಗಾಜಿನ ಆಚೆ ಕೂತವನು ಅವನ್ನೆಲ್ಲ ಕತ್ತರಿಸಿ ಜೋಡಿಸಿದ್ದ. ಕೇಳಿದರೆ ಹೊಲಿಗೆ ಎಲ್ಲಿದೆ ಎಂದು ಗೊತ್ತಾಗುತ್ತಿರಲಿಲ್ಲ. ಆ ತುಣುಕನ್ನು ಮೊದಲಿನಿಂದ ಕೊನೆಯವರೆಗೆ ಹಾಗೆ, ಒಂದೇ ಉಸಿರಿಗೆ, ಅವಳು ಒಂದು ಸಲವೂ ನುಡಿಸಿರಲಿಲ್ಲ.

ವೇದಿಕೆಯ ಮೇಲೆ ಅವಳಿಗೆ ನೆನಪಾಗಿ ಉಳಿದದ್ದು ಬೆಳಕು. ಎಲ್ಲ ಕಡೆಯಿಂದ ಬಂದು ನೆರಳನ್ನೇ ಅಳಿಸಿಬಿಟ್ಟಿದ್ದ ಬೆಳಕು. ಎದ್ದು ನಿಂತಳು. ಉದ್ದ ಕೋಲಿನ ತುದಿಯಲ್ಲಿ ಕ್ಯಾಮೆರಾವೊಂದು ಕೊಕ್ಕರೆಯ ಹಾಗೆ ಕತ್ತು ಬಗ್ಗಿಸಿ ಅವಳ ಕೈಯ ಹತ್ತಿರಕ್ಕೇ ಬಂತು. ಸ್ಪೀಕರುಗಳಿಂದ ಅವಳ ಪಿಟೀಲು ಎದ್ದಿತು, ಕೈಯ ಕಮಾನಿಗಿಂತ ಅರೆಗಳಿಗೆ ತಡವಾಗಿ ಎದುರಿನ ಗ್ಯಾಲರಿಗೆ ಬಡಿದು ಹಿಂದಿರುಗಿತು. ಎಡಗೈ ಬೆರಳುಗಳು ಒಂದೂ ತಪ್ಪಲಿಲ್ಲ. ಕಮಾನು ಎಲ್ಲಿ ಏರಬೇಕೋ ಏರಿತು, ಎಲ್ಲಿ ಇಳಿಯಬೇಕೋ ಇಳಿಯಿತು. ಕೆನ್ನೆಯ ಕೆಳಗೆ ಮರ ಮಾತ್ರ ಮಿಸುಕಲಿಲ್ಲ. ಐದನೇ ವಯಸ್ಸಿನಿಂದ ದವಡೆಯ ಮೂಳೆಯಲ್ಲಿ ಗುಂಯ್‌ಗುಡುತ್ತಿದ್ದ ಮರ ಅವತ್ತು ಹಲಗೆಯ ಹಾಗೆ ಬಿದ್ದುಕೊಂಡಿತ್ತು. ಮುಗಿದಾಗ ಮೈದಾನ ಭೋರ್ಗರೆಯಿತು. ಅವಳು ತಲೆ ಬಗ್ಗಿಸಿದಳು. ವಂದನೆ ಎಂದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು.

ಆ ರಾತ್ರಿ ಎಲ್ಲರಿಗೂ ಹೋಟೆಲಿನಲ್ಲೇ ವಸತಿ. ಕೋಣೆಯ ಬಚ್ಚಲಲ್ಲಿ ಅದೇ ಸೋಪುಗಳು ಎರಡು, ಒಂದರ ಮೇಲೊಂದು ಕೂತಿದ್ದವು. ಒದ್ದೆ ಕರವಸ್ತ್ರದಿಂದ ಕಮಾನಿನ ಕೂದಲನ್ನು ಒರೆಸಿ ನೋಡಿದಳು. ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಬಾಚದ ತಲೆಯ ಹಾಗಾಯಿತು. ಹಾಗೇ ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು.

ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು ಬೀದಿಯ ತುದಿಯಲ್ಲಿ ಇಳಿಸಿತು. ಔಷಧಿ ಅಂಗಡಿಯವರು ಗಲ್ಲಾ ಬಿಟ್ಟು ಹೊರಗೆ ಬಂದು, "ಏನಮ್ಮಾ, ಮಿಂಚಿಬಿಟ್ಟೆಯಲ್ಲ!" ಎಂದರು. ಇಸ್ತ್ರಿಯವನು ಇಸ್ತ್ರಿಪೆಟ್ಟಿಗೆ ಎತ್ತಿ ಸಲಾಮು ಹೊಡೆದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪ್ರತಿ ಹೊಗಳಿಕೆಗೂ ಅವಳ ಕೈ ಪಿಟೀಲಿನ ಪೆಟ್ಟಿಗೆಯ ಚಿಲಕದ ಮೇಲೆ ಹೋಗುತ್ತಿತ್ತು.

ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವಳು, ಗುಬ್ಬಿಯ ಅಮ್ಮ ತೀರಿಕೊಂಡ ಮೇಲೆ ಬಂದು ಇಲ್ಲೇ ಉಳಿದವಳು. "ಬಾರೇ ನನ್ನ ತಾಯಿ," ಎಂದು ಕೆನ್ನೆ ಹಿಂಡಿದಳು. "ನಿನ್ನೆ ಈ ಕೋಣೇಲಿ ಹದಿನೆಂಟು ಜನ! ಕೂರೋಕೆ ಜಾಗ ಸಾಲದೆ ಔಷಧಿ ಅಂಗಡಿಯವರು ಹಿಟ್ಟಿನ ಡಬ್ಬದ ಮೇಲೆ ಕೂತು ಮುಚ್ಚಳ ಒಳಗೆ ಹೋಯ್ತು. ನೀನು ಎದ್ದು ನಿಂತ್ಯಲ್ಲ, ನಿನ್ನ ಕೈ ಇಷ್ಟು ದೊಡ್ಡದಾಗಿ, ಇಡೀ ಟಿವಿ ತುಂಬ ಬಂತು. ಎಲ್ರೂ ಉಸಿರು ಬಿಗಿ ಹಿಡ್ಕೊಂಡಿದ್ರೆ ನಿಮ್ಮಪ್ಪ ಎದ್ದು ಹೋಗಿ ಅಡ್ಡ ನಿಂತ ನೋಡು! ಟಿವಿಗೆ ಮೂಗು ತಾಗೋ ಹಾಗೆ. 'ಧೂಳಿಲ್ಲ, ಧೂಳಿಲ್ಲ' ಅಂತಾನೆ. ಇಲ್ಲ ಕಣೋ, ಬೆಳಿಗ್ಗೆನೇ ಒರೆಸಿದ್ದೀನಿ, ಕೂತ್ಕೋ ಅಂದೆ. ಎಲ್ರೂ ಬಿದ್ದೂ ಬಿದ್ದೂ ನಕ್ರು."

"ಆಮೇಲೆ?" ಎಂದಳು ಗುಬ್ಬಿ.

"ಆಮೇಲೇನು, ಕೂತ. ಊಟ ಬೇಡ ಅಂತ ಮಲಗಿದ. ಸಂತೋಷಕ್ಕೆ ಕೆಲವರಿಗೆ ಹೊಟ್ಟೆ ಕಟ್ಟುತ್ತೆ."

ಮುಂದಿನ ಕೋಣೆಯಲ್ಲಿ ಅಪ್ಪ ಕಿಟಕಿಯ ಹತ್ತಿರ ಕೂತು ಯಾರದೋ ಪಿಟೀಲಿನ ಬಿರುಕಿಗೆ ಅಂಟು ಬಳಿಯುತ್ತಿದ್ದ. ಆ ಕುಂಚವನ್ನೂ ಅವನೇ ಮಾಡಿದ್ದು. ಕಮಾನಿನಿಂದ ಕತ್ತರಿಸಿ ತೆಗೆದ ಹಳೇ ಕೂದಲನ್ನು ಅವನು ಎಸೆಯುತ್ತಿರಲಿಲ್ಲ. ತೊಳೆದು, ಒಣಗಿಸಿ, ಕಡ್ಡಿಗೆ ಕಟ್ಟಿ ಕುಂಚ ಮಾಡಿಕೊಳ್ಳುತ್ತಿದ್ದ. ಗೋಡೆಯ ಮೇಲೆ ಗಿರಾಕಿಗಳ ಕಮಾನುಗಳು ಸಾಲಾಗಿ ನೇತಾಡುತ್ತಿದ್ದವು. ಒಂದೊಂದಕ್ಕೂ ದಾರದಲ್ಲಿ ಚೀಟಿ.

"ಬಂದ್ಯಾ," ಎಂದ ಅಪ್ಪ. "ತಿಂಡಿ ತಿನ್ನು ಹೋಗು."

ಅಷ್ಟೇ. ಗುಬ್ಬಿ ಒಂದು ಕ್ಷಣ ನಿಂತಳು. ಹೊರಗೆ ನುಡಿಸಿ ಬಂದ ದಿನ ಅವಳು ಚಪ್ಪಲಿ ಬಿಡುವ ಮೊದಲೇ ಅಪ್ಪ ಪೆಟ್ಟಿಗೆ ಇಸಿದುಕೊಳ್ಳುತ್ತಿದ್ದ. ಕಮಾನು ತೆಗೆದು, ತಿರುಪು ಸಡಿಲಿಸಿ, "ಪಾಪ, ದಣಿದಿರುತ್ತೆ" ಎನ್ನುತ್ತಿದ್ದ. ಮಗಳು ದಣಿದಿದ್ದಾಳೋ ಇಲ್ಲವೋ ಎಂದು ಕೇಳುವುದು ಅದಾದ ಮೇಲೆ. ಇವತ್ತು ಅವನು ಪೆಟ್ಟಿಗೆಯ ಕಡೆ ಕಣ್ಣೇ ಹಾಯಿಸಲಿಲ್ಲ.

ಹೇಳಿಬಿಡಬೇಕು ಎಂದುಕೊಂಡಳು. ಅತ್ತೆ ಒಳಗೆ ಹೋದ ಮೇಲೆ ಅವನ ಎಡಗಿವಿಯ ಕಡೆ ಹೋಗಿ ಸ್ಟೂಲಿನ ಮೇಲೆ ಕೂತಳು. ಕಿವುಡರಿಗೆ ಹೇಳುವ ಮಾತಿನಲ್ಲಿ ಇದೊಂದು ಕಷ್ಟ. ನಾಚಿಕೆಯ ಮಾತನ್ನೂ ಕೂಗಿಯೇ ಹೇಳಬೇಕು.

"ಅಪ್ಪಾ. ನಿನ್ನೆ..."

"ಇದ್ದೀರಾ ಯಜಮಾನ್ರೇ? ಎಲ್ಲಿ ನಮ್ಮ ಟಿವಿ ಸ್ಟಾರು?" ಎನ್ನುತ್ತ ಎದುರು ಮನೆಯ ಟೈಲರಮ್ಮ ಒಳಗೆ ಬಂದರು, ಕೊರಳಲ್ಲಿ ಅಳತೆ ಟೇಪು ಇನ್ನೂ ಜೋತಾಡುತ್ತಿತ್ತು. ಹಿಂದೆಯೇ ಅವರ ಎಂಟು ವರ್ಷದ ಮಗಳು. ಆರು ತಿಂಗಳಿಂದ ಗುಬ್ಬಿಯ ಹತ್ತಿರ ಪಿಟೀಲು ಕಲಿಯುತ್ತಿದ್ದ ಹುಡುಗಿ, ಮುಂದಿನ ಹಲ್ಲು ಎರಡೂ ಬಿದ್ದಿದ್ದವು. "ರಾತ್ರಿಯೆಲ್ಲ ನಿದ್ದೆ ಇಲ್ಲ ಇವಳಿಗೆ. ಹಾಸಿಗೆ ಮೇಲೆ ನಿಂತ್ಕೊಂಡು ಪೊರಕೇಲಿ ನಿಮ್ಮ ಹಾಗೇ ನುಡಿಸಿದ್ದೇ ನುಡಿಸಿದ್ದು."

"ಗುಬ್ಬಿ ಅಕ್ಕ, ಅದನ್ನ ಈಗ ನುಡಿಸಿ," ಎಂದಿತು ಹುಡುಗಿ. "ನೀವೊಬ್ರೇ ನಿಂತ್ಕೊಂಡು ನುಡಿಸಿದ್ದು."

"ಈಗ ಬೇಡ ಪುಟ್ಟಾ. ಇನ್ನೊಂದಿನ."

"ಅಯ್ಯೋ, ಊರಿಗೆಲ್ಲ ನುಡಿಸಿದ್ದೀಯ, ಮಗೂಗೆ ಎರಡು ನಿಮಿಷ ನುಡಿಸೋಕೆ ಕೈ ಸವೆಯುತ್ತಾ?" ಅತ್ತೆ ಕಾಫಿ ಲೋಟಗಳ ಜೊತೆ ಬಂದಳು. "ನಾನೂ ಸರಿಯಾಗಿ ನೋಡ್ಲಿಲ್ಲ. ಇವನು ಅಡ್ಡ ನಿಂತಿದ್ದನಲ್ಲ, ಬಂಡೆ ಹಾಗೆ."

"ದಣಿವಾಗಿದೆ ಅತ್ತೆ. ಬಸ್ಸಲ್ಲಿ..."

"ಗೋಡೆ ಮೇಲೆ ಅಷ್ಟೊಂದು ಕಮಾನಿದೆ, ಯಾವುದಾದ್ರೂ ಒಂದು ತಗೊಂಡು..." ಎಂದು ಟೈಲರಮ್ಮ ಅರ್ಧ ಹೇಳಿ, ಅಪ್ಪನ ಮುಖ ನೋಡಿ, ನಾಲಿಗೆ ಕಚ್ಚಿಕೊಂಡರು. ಗಿರಾಕಿಗಳ ಕಮಾನಿನಲ್ಲಿ ನುಡಿಸಬಾರದು ಎಂಬುದು ಆ ಮನೆಯ ಕಟ್ಟಳೆ. ಆ ಬೀದಿಗೆಲ್ಲ ಗೊತ್ತಿದ್ದದ್ದೇ.

ಈ ಮಾತುಗಳ ನಡುವೆ ಹುಡುಗಿಯ ಮೇಲೆ ಯಾರೂ ಕಣ್ಣಿಟ್ಟಿರಲಿಲ್ಲ. ಪೆಟ್ಟಿಗೆಯ ಚಿಲಕ ಟಕ್ಕೆಂದಾಗ ಗುಬ್ಬಿ ತಿರುಗಿದಳು. ಹುಡುಗಿ ನೆಲದ ಮೇಲೆ ಕೂತು, ಕಲಿಸಿದ್ದ ಹಾಗೆಯೇ ಎಚ್ಚರದಿಂದ ಪಿಟೀಲನ್ನು ಎತ್ತಿ, ತನಗೆ ದೊಡ್ಡದಾಗುತ್ತಿದ್ದ ಅದನ್ನು ಹೆಗಲಿಗಿಟ್ಟು, ಕಮಾನು ಹಿಡಿದಿತ್ತು. ಕಿರುಬೆರಳು ಬಾಗಿಸಿ ಹಿಡಿಯುವುದು ಕೂಡ ಸರಿಯಾಗಿತ್ತು. ನಾಲಿಗೆ ಹಲ್ಲಿಲ್ಲದ ಸಂದಿಯಲ್ಲಿ ಸಿಕ್ಕಿಸಿಕೊಂಡು, ಹಿಡಿಯಿಂದ ತುದಿಯವರೆಗೂ ಉದ್ದಕ್ಕೆ ಒಂದು ಎಳೆತ ಎಳೆಯಿತು.

ಏನೂ ಬರಲಿಲ್ಲ.

ಇನ್ನೊಂದು ಸಲ ಎಳೆಯಿತು, ಒತ್ತಿ. ಕೂದಲು ತಂತಿಯ ಮೇಲಿಂದ ಜಾರಿ ಪಕ್ಕಕ್ಕೆ ಹೋಯಿತು.

"ಇದು ಮಾತಾಡ್ತಾನೇ ಇಲ್ಲ," ಎಂದು ಹುಡುಗಿ ತಲೆ ಎತ್ತಿತು. "ಅಕ್ಕಾ, ರಾಳ ಹಚ್ಚಿಲ್ವಾ?" ಮೂಗನ್ನು ಕೂದಲಿನ ಹತ್ತಿರ ತಂದಿತು. "ಘಮಘಮ ಅಂತಿದೆ."

ಟೈಲರಮ್ಮ ಲೋಟ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಗುಬ್ಬಿಯ ಮುಖ ನೋಡಿದರು, ಆಮೇಲೆ ಕಮಾನನ್ನು ನೋಡಿದರು. ಅತ್ತೆಯ ಬಾಯಿ ತೆರೆದೇ ಇತ್ತು, ಆದರೆ ಅಪರೂಪಕ್ಕೆ ಅದರೊಳಗಿಂದ ಏನೂ ಬರಲಿಲ್ಲ. ಗುಬ್ಬಿಗೆ ಕಿವಿಯವರೆಗೂ ಬಿಸಿಯೇರಿತು. ಹೇಳಲು ಒಂದೇ ಒಂದು ವಾಕ್ಯವಿತ್ತು. ಹತ್ತು ನಿಮಿಷದ ಹಿಂದೆ ಅದನ್ನು ಹೇಳಲೆಂದೇ ಸ್ಟೂಲಿನ ಮೇಲೆ ಕೂತಿದ್ದಳು.

ಅಪ್ಪ ಅಂಟಿನ ಕುಂಚ ಕೆಳಗಿಟ್ಟ. ಮಂಡಿ ಹಿಡಿದುಕೊಂಡು ಎದ್ದು ಬಂದು, "ಕೊಡು ಮರಿ," ಎಂದು ಹುಡುಗಿಯ ಕೈಯಿಂದ ಕಮಾನು ತೆಗೆದುಕೊಂಡ. ಕಿಟಕಿಯ ಬೆಳಕಿಗೆ ಹಿಡಿದ. ತಾನು ಒಂದೊಂದಾಗಿ ಆರಿಸಿದ್ದ ಎಳೆಗಳು ಮುದ್ದೆಯಾಗಿ ಅಂಟಿಕೊಂಡಿದ್ದವು. ಹೆಬ್ಬೆರಳನ್ನು ಕೂದಲಿನ ಮೇಲಿಟ್ಟು ತುದಿಯಿಂದ ಹಿಡಿಯವರೆಗೆ ನಿಧಾನವಾಗಿ ಸವರಿದ. ಅವನು ಕೂದಲನ್ನು ಬರಿಗೈಯಲ್ಲಿ ಸವರುವುದು ಕತ್ತರಿ ಹಾಕುವ ಮೊದಲು ಮಾತ್ರ.

"ಇಬ್ಬನಿ," ಎಂದ.

ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡ.

"ಇಬ್ಬನಿ ಕುಡಿದಿದೆ ಇದು. ಬಯಲಲ್ಲಿ ನುಡಿಸಿದ್ದಲ್ವಾ ನಿನ್ನೆ, ಚಳೀಲಿ, ಅಷ್ಟು ಹೊತ್ತು. ಹೊಸ ಕೂದಲು ಬೇರೆ. ಹೊಸ ಕೂದಲು ಬೇಗ ನೀರು ಹೀರುತ್ತೆ, ಹೀರಿಕೊಂಡ್ರೆ ಹೀಗೇ, ಸತ್ತು ಹೋಗುತ್ತೆ. ಆಮೇಲೆ ಮಾತಾಡಲ್ಲ. ಅವಳು ನುಡಿಸಿ ಮುಗಿಸೋವರೆಗೂ ತಡ್ಕೊಂಡಿದ್ದೇ ಹೆಚ್ಚು. ನಂದೇ ತಪ್ಪು, ಬಯಲಿಗೆ ಅಂದ್ಮೇಲೆ ನಾನು ಯೋಚನೆ ಮಾಡ್ಬೇಕಿತ್ತು."

ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವ ಮನುಷ್ಯ ಒಂದೇ ಬಾರಿಗೆ ಇಷ್ಟು ಹೇಳಿದ. ಹೇಳುತ್ತಿದ್ದಷ್ಟು ಹೊತ್ತೂ ಕಮಾನನ್ನೇ ನೋಡುತ್ತಿದ್ದ.

ಇಬ್ಬನಿಗೆ ಕೂದಲು ಸಡಿಲವಾಗುತ್ತದೆ, ಮೂಕವಾಗುವುದಿಲ್ಲ. ಅಪ್ಪನ ಹತ್ತಿರ ಯಾರಾದರೂ ಗಿರಾಕಿ ಬಂದು ಹೀಗೆ ಹೇಳಿದ್ದರೆ ಬಾಗಿಲು ತೋರಿಸುತ್ತಿದ್ದ. ಹೋದ ವರ್ಷ ಕಾರಿನಲ್ಲಿ ಬಂದ ದೊಡ್ಡ ಮನುಷ್ಯರೊಬ್ಬರು ತಮ್ಮ ಪಿಟೀಲು ನೂರು ವರ್ಷದ ಹಿಂದಿನದು ಎಂದು ನಾಲ್ಕು ಜನರ ಮುಂದೆ ಒಂದು ಮಾತು ಹೇಳಿಬಿಡಿ ಎಂದು ಕೇಳಿದ್ದರು. "ಅಂಟು ಇನ್ನೂ ಹಸಿ ಇದೆ ಸ್ವಾಮಿ," ಎಂದಿದ್ದ ಅಪ್ಪ, ಆ ನಾಲ್ಕು ಜನರ ಮುಂದೆಯೇ. ಅವರು ಮತ್ತೆ ಈ ಬೀದಿಗೆ ಬರಲಿಲ್ಲ. "ಬಾಯಲ್ಲಿ ಏನು ಹೇಳಿದ್ರೂ ಮರ ನಾಳೆ ನಿಜ ಹೇಳುತ್ತೆ," ಎನ್ನುವುದು ಅವನ ಮಾತು. ಗುಬ್ಬಿ ಆ ಮಾತು ಕೇಳಿಕೊಂಡೇ ಬೆಳೆದವಳು.

"ಅಷ್ಟೇ ತಾನೇ? ನಾನು ಏನೋ ಅಂದ್ಕೊಂಡೆ," ಎಂದು ಟೈಲರಮ್ಮ ಉಸಿರು ಬಿಟ್ಟರು. ಅಪ್ಪ ಹೇಳಿದ ಮೇಲೆ ಮುಗಿಯಿತು. ವಾದ್ಯದ ವಿಷಯದಲ್ಲಿ ಅವನ ಬಾಯಿಂದ ಸುಳ್ಳು ಬಂದದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. "ನೋಡು, ಅಕ್ಕ ಎಷ್ಟು ಕಷ್ಟಪಟ್ಟು ನುಡಿಸಿದ್ದಾರೆ, ಕಮಾನೇ ಸುಸ್ತಾಗಿದೆ. ಬಾ, ಸ್ಕೂಲಿಗೆ ಹೊತ್ತಾಯ್ತು."

"ತಾತ, ಇಬ್ಬನಿ ಘಮ್ ಅನ್ನುತ್ತಾ?" ಹುಡುಗಿ ಬಾಗಿಲಲ್ಲಿ ತಿರುಗಿ ಕೇಳಿತು.

ಅಪ್ಪ ಕೇಳಿಸದವನ ಹಾಗೆ ಕಿಟಕಿಯ ಕಡೆ ತಿರುಗಿದ. ಹುಡುಗಿ ನಿಂತದ್ದು ಅವನ ಎಡಗಿವಿಯ ಕಡೆಯೇ.

ಅವರು ಹೋದ ಮೇಲೆ ಅತ್ತೆ ಲೋಟಗಳನ್ನು ಒಂದರೊಳಗೊಂದು ಇಟ್ಟು, ಇಬ್ಬರನ್ನೂ ಒಮ್ಮೆ ನೋಡಿ, ಅಡುಗೆಮನೆಗೆ ಹೋದಳು. ಅಪ್ಪ ಮೇಜಿನ ದೀಪ ಹಾಕಿ ಕೂತ. ತಿರುಪು ಸಡಿಲಿಸಿ, ಹಿಡಿಯನ್ನು ಕಳಚಿ, ಕತ್ತರಿ ತೆಗೆದುಕೊಂಡ. ಕರಕ್ ಎಂದು ಒಂದೇ ಸದ್ದು. ಹದಿನೈದು ದಿನವೂ ಆಗಿರದ ಕೂದಲು ಅವನ ಅಂಗೈಯಲ್ಲಿ ಜೋತು ಬಿತ್ತು.

ಗುಬ್ಬಿ ಸ್ಟೂಲಿನ ಮೇಲೆ ಬಂದು ಕೂತಳು. "ಅಪ್ಪಾ," ಎಂದಳು. ಜೋರಾಗಿ ಹೇಳಬೇಕೆಂದು ಹೊರಟ ದನಿ ಅರ್ಧದಲ್ಲೇ ಕುಸಿಯಿತು. ಅವನು ತುಟಿ ನೋಡಿ ಗೊತ್ತುಮಾಡಿಕೊಂಡನೋ ಏನೋ.

"ಎಷ್ಟು ಜನ ಇದ್ರಿ?" ಎಂದು ಕೇಳಿದ.

"ನಲವತ್ತು."

"ನಲವತ್ತು ಕಮಾನು," ಎಂದ ಅಪ್ಪ, ತನ್ನಷ್ಟಕ್ಕೆ. ಕತ್ತರಿ ಕೆಳಗಿಟ್ಟು, "ಎಲ್ಲರದ್ದೂ?" ಎಂದ.

ಅವಳು ತಲೆಯಾಡಿಸಿದಳು.

ಇನ್ನು ಕೇಳುತ್ತಾನೆ ಎಂದು ಕಾದಳು. ಯಾಕೆ ಹೇಳಲಿಲ್ಲ ಎಂದು ಕೇಳಬಹುದಿತ್ತು. ಕೇಳಿದ್ದರೆ ಚೆನ್ನಾಗಿತ್ತು. ಅಪ್ಪ ಮೇಜಿನ ಡ್ರಾಯರು ಎಳೆದು, ಆವತ್ತು ಬದಿಗಿಟ್ಟಿದ್ದ ಕೂದಲಿನ ಕಟ್ಟು ತೆಗೆದ. ತೆಳುವಾದದ್ದು, ಹಳದಿಗೆ ತಿರುಗಿದ್ದು. ಒಳ್ಳೆಯದೆಲ್ಲ ಆಗಲೇ ಖರ್ಚಾಗಿತ್ತು. ಅದನ್ನು ಮೇಜಿನ ಮೇಲೆ ಹರವಿ, "ಆರಿಸು," ಎಂದ. "ನನ್ನ ಕಣ್ಣಿಗೆ ಬೆಳಕು ಸಾಲದು ಇವತ್ತು."

ಹೊರಗೆ ಬಿಸಿಲು ಚೆನ್ನಾಗಿಯೇ ಇತ್ತು. ಗುಬ್ಬಿ ಕೂದಲಿನ ಮೇಲೆ ಬಗ್ಗಿದಳು.

ಅಪ್ಪ ಕತ್ತರಿಸಿದ ಕೂದಲನ್ನು ಹಿಡಿದುಕೊಂಡು ಹಿಂದಿನ ಅಂಗಳಕ್ಕೆ ಹೋದ, ಯಾವಾಗಲೂ ಹೋಗುವ ಹಾಗೆ. ತೆರೆದಿದ್ದ ಬಾಗಿಲಿನಿಂದ ಅವನ ಬೆನ್ನು, ಬಚ್ಚಲ ಕಲ್ಲು, ನಲ್ಲಿ ಕಾಣುತ್ತಿದ್ದವು. ನಲ್ಲಿ ತಿರುಗಿಸಿ ಕೂದಲನ್ನು ನೀರಿಗೆ ಹಿಡಿದ. ಹಳೇ ಕೂದಲು ತೊಳೆಯುವಾಗ ರಾಳ ಕರಗದೆ ನೀರು ಹಾಗೇ ಜಾರಿ ಹೋಗುತ್ತದೆ, ಅವನು ಸೋಪಿನ ಡಬ್ಬಿಗೆ ಕೈ ಹಾಕಿ ಉಜ್ಜಲೇಬೇಕು. ಇವತ್ತು ಹಾಕಲಿಲ್ಲ. ಎರಡು ಸಲ ಹಿಸುಕುವಷ್ಟರಲ್ಲಿ ಅಂಗೈ ತುಂಬ ಬಿಳೀ ನೊರೆ ಎದ್ದಿತು. ಅಪ್ಪ ಅದನ್ನು ನೋಡುತ್ತ ನಿಂತ. ಮತ್ತೆ ನೀರಿಗೆ ಹಿಡಿದ, ಹಿಸುಕಿದ. ಮತ್ತೆ ನೊರೆ. ಮೂರನೇ ಸಲವೂ ಬಂತು. ನೀರು ಸುರಿಯುತ್ತಲೇ ಇತ್ತು, ನೊರೆ ಬೆರಳ ಸಂದಿಗಳಿಂದ ಇಳಿದು, ಬಚ್ಚಲ ಕಲ್ಲಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳಾಗಿ ನಿಧಾನವಾಗಿ ಮೋರಿಯ ಕಡೆ ಹೋಗುತ್ತಿತ್ತು.